ಪುಷ್ಪಕ್ಕನ ಬೆನ್ನ ಹಿಂದಿನ ಮೇಷ್ಟ್ರು

ಮಳೆಗಾಲದಲ್ಲಿ ನಮ್ಮ ಕಡೆ ಬೂಷ್ಟು ಹಿಡಿಯದೆ ಉಳಿಯುವುದು ನಮ್ಮಪ್ಪನ ನಾಲಿಗೆ ಒಂದೇ. ಬೆಲ್ಟಿಗೆ ಹಿಡಿಯುತ್ತದೆ, ಬ್ಯಾಗಿಗೆ ಹಿಡಿಯುತ್ತದೆ, ಯಾರದೋ ಮದುವೆಗೆಂದು ಹೊಲಿಸಿದ ಕೋಟಿಗೆ ಹಿಡಿಯುತ್ತದೆ. ಕ್ಯಾಮೆರಾದ ಲೆನ್ಸಿಗಂತೂ ಗಾಜಿನ ಒಳಗೇ ಹೊಕ್ಕು ಜೇಡರ ಬಲೆಯಂತೆ ಹರಡಿಬಿಡುತ್ತದೆ. ಅದಕ್ಕೇ ಜೂನ್ ಬಂತೆಂದರೆ ನನ್ನ ದೊಡ್ಡ ಲೆನ್ಸು ಗಾಳಿಯಾಡದ ಡಬ್ಬಿಯೊಳಗೆ, ತೇವ ಹೀರುವ ಪೊಟ್ಟಣಗಳ ನಡುವೆ, ಬಾಣಂತಿಯ ಹಾಗೆ ಬೆಚ್ಚಗೆ ಮಲಗಿರುತ್ತದೆ. ಮೊನ್ನೆ ಅಪರೂಪಕ್ಕೆ ಬಿಸಿಲು ಬಿತ್ತೆಂದು ಮುಚ್ಚಳ ತೆಗೆದೆ. ಮೊದಲು ರಬ್ಬರಿನ ವಾಸನೆ ಬಂತು. ಅದರ ಬೆನ್ನಿಗೇ ಒಣಗಿದ ಕಾಫಿ ಹಣ್ಣಿನ ಹುಳಿ ವಾಸನೆ. ಲೆನ್ಸನ್ನು ಆನಿಸಿಕೊಳ್ಳಲು ನಾನೇ ಕಾಫಿ ತುಂಬಿ ಹೊಲಿದ ಒಂದು ಪುಟ್ಟ ದಿಂಬು ಅದೇ ಡಬ್ಬಿಯಲ್ಲಿತ್ತು. ಎರಡು ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ, ಹೋದ ವರ್ಷದ ಕೊಯ್ಲು ಇದ್ದಕ್ಕಿದ್ದ ಹಾಗೆ ಎದುರಿಗೆ ಬಂದು ಕೂತಿತು. ಹುಟ್ಟಿದಾಗಿನಿಂದ ನಾನು ಯಾರನ್ನೂ ಅಣಕಿಸದೆ ಇಡೀ ಎರಡು ದಿನ ಕಳೆದದ್ದು ಆ ಕೊಯ್ಲಿನಲ್ಲಿ ಮಾತ್ರ.

ನಾನು ಬೆಳಗೋಡಿನಿಂದ ಆಚೆಗಿರುವ ಒಂದು ಕಾಫಿ ಎಸ್ಟೇಟಿನ ರೈಟರ ಮಗ. ರೈಟರ್ ಎಂದರೆ ಪುಸ್ತಕ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಕಥೆ ಕಟ್ಟುವ ಖಾತೆ ನಮ್ಮ ಮನೆಯಲ್ಲಿ ನನ್ನದು. ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆಯುವುದು ವೃತ್ತಿ. ಸಿಕ್ಕವರ ದನಿ ತೆಗೆಯುವುದು ಪ್ರವೃತ್ತಿ. ಎಸ್ಟೇಟಿನ ಸಾಹುಕಾರರ ಕೆಮ್ಮು, ಬಾಳ್ಳುಪೇಟೆಯ ಬಸ್ ಏಜೆಂಟನ ಕೂಗು, ಹಾಜರಿ ಕರೆಯುವಾಗ ಮೂಗಿನಿಂದ ಹೊರಡುವ ಅಪ್ಪನ ರಾಗ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನನ್ನನ್ನೂ ಬಿಟ್ಟಿಲ್ಲ. 'ಸಾರ್ ಸ್ವಲ್ಪ ನಗಿ, ಇನ್ನೂ ಸ್ವಲ್ಪ, ಸಾಕು ಬಿಡಿ, ಮೊದಲಿನ ಮುಖವೇ ವಾಸಿ' ಎಂದು ನಾನು ಮದುಮಕ್ಕಳಿಗೆ ಹೇಳುವುದನ್ನು ನನಗಿಂತ ಚೆನ್ನಾಗಿ ಯಾರೂ ಅಣಕಿಸಲಾರರು.

ಈ ಗಂಟಲಿಗೆ ಬಗ್ಗದವಳು ಪುಷ್ಪಕ್ಕ ಒಬ್ಬಳೇ. ನಮ್ಮ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ, ಅವಳೂ ಸೇರಿ ಇಪ್ಪತ್ತೆರಡು ಹೆಂಗಸರ ಗ್ಯಾಂಗಿಗೆ ಅವಳು ಮೇಸ್ತ್ರಿ. ಗಿಡಗಳ ನಡುವೆ ತಲೆ ಕಾಣುವುದಿಲ್ಲವಾದ್ದರಿಂದ ಅವಳು ದನಿಯಲ್ಲಿ ಎಣಿಸುತ್ತಾಳೆ. ಹೊತ್ತು ಹೊತ್ತಿಗೆ ಅವಳು ಒಂದು ಕೂಗು ಹಾಕಿದರೆ ಸಾಲಿನ ಉದ್ದಕ್ಕೂ ಒಬ್ಬೊಬ್ಬರಾಗಿ ಓಗೊಡಬೇಕು. ನಾನು ಸ್ಟೋರಿನ ಮರೆಯಿಂದ, ಗ್ಯಾಂಗಿನಲ್ಲೇ ಹಿರಿಯಳಾದ ಜಯಮ್ಮಜ್ಜಿಯ ದನಿಯಲ್ಲಿ ಓ ಎಂದು ಲೆಕ್ಕವನ್ನು ಇಪ್ಪತ್ತಮೂರಕ್ಕೆ ಏರಿಸುತ್ತಿದ್ದೆ. ಪುಷ್ಪಕ್ಕ ಬೈಯುತ್ತಿರಲಿಲ್ಲ. ಮೊದಲಿನಿಂದ ಮತ್ತೆ ಎಣಿಸುತ್ತಿದ್ದಳು. ಆನೆ ತಿರುಗುವ ಈ ಗುಡ್ಡಗಳಲ್ಲಿ ಒಂಬತ್ತು ಕೊಯ್ಲು ಕಳೆದರೂ ಅವಳ ಗ್ಯಾಂಗಿನ ಒಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ. ಅವಳ ಆಸ್ತಿಯೆಂದರೆ ಆ ಹೆಸರು.

ಆ ಕೊಯ್ಲಿನಲ್ಲಿ ನಾನು ತರಿಸಿದ ಹೊಸ ಲೆನ್ಸು ಬಂದಿಳಿದದ್ದು ಬಾಳ್ಳುಪೇಟೆಯಲ್ಲಿ ಕಾಫಿ ವ್ಯಾಪಾರ ಮಾಡುವ ಗೆಳೆಯ ಇರ್ಫಾನನ ಅಂಗಡಿಗೆ. ನಮ್ಮ ಎಸ್ಟೇಟಿನ ದಾರಿ ಹುಡುಕಿಕೊಂಡು ಬರುವ ಕೊರಿಯರಿನವನು ಇನ್ನೂ ಹುಟ್ಟಿಲ್ಲ. ಇರ್ಫಾನ್ ಪೆಟ್ಟಿಗೆ ಬಿಚ್ಚಿದವನೇ ಲೆನ್ಸನ್ನು ಕಾಫಿ ತೂಗುವ ತಕ್ಕಡಿಯ ಮೇಲಿಟ್ಟ. ಎರಡು ಕೆಜಿಗೆ ಮುಳ್ಳು ನಿಂತಿತು. ಮೂಸಿ ನೋಡಿ, ತೇವಾಂಶ ಕಮ್ಮಿ ಐತೆ, ತಗೋಬೋದು ಮಾರಾಯ ಎಂದು ತೀರ್ಪು ಕೊಟ್ಟ.

ನೂರೈವತ್ತರಿಂದ ಆರುನೂರು ಮಿಲಿಮೀಟರಿನವರೆಗೆ, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಲೆನ್ಸು ಅದು. ಉಂಗುರ ತಿರುಗಿಸಿದರೆ ಮೂತಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಕತ್ತು ಚಾಚಿದ ಆಮೆಯ ಹಾಗೆ. ಕುತ್ತಿಗೆಗೆ ಹಾಕಿಕೊಂಡು ನಡೆದರೆ ತನ್ನ ಭಾರಕ್ಕೆ ತಾನೇ ಜಾರಿ ಉದ್ದವಾಗುತ್ತದೆ. ಮೊದಲ ದಿನ ಮನೆಗೆ ತಂದವನೇ ಅಮ್ಮನ ಕಡೆ ತಿರುಗಿಸಿದೆ. ಅಮ್ಮ ಕಾಣಲಿಲ್ಲ, ಬರೀ ಮಂಜು. ಎರಡು ಮಾರು ದೂರದೊಳಗೆ ಇರುವವರನ್ನು ಈ ದೊಡ್ಡಮನುಷ್ಯ ಗುರುತೇ ಹಿಡಿಯುವುದಿಲ್ಲ ಎಂದು ಗೊತ್ತಾಯಿತು. ಅಮ್ಮ ಅಡುಗೆಮನೆ ದಾಟಿ, ಹಿತ್ತಿಲು ದಾಟಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತ ಮೇಲೆ ಅವಳ ಮೂಗುಬೊಟ್ಟು ಮಿಂಚಿತು.

ಆದರೆ ದೂರಕ್ಕೆ ಹೋದನೆಂದರೆ ಅವನನ್ನು ಹಿಡಿಯುವವರಿಲ್ಲ. ಗುಂಡಿಯನ್ನು ಅರ್ಧ ಒತ್ತಿದ ಕೂಡಲೇ ಒಳಗೆ ಏನೋ ಸಣ್ಣಗೆ ಗುಯ್ ಎನ್ನುತ್ತದೆ. ನನ್ನ ಕೈ ನಡುಗುತ್ತಲೇ ಇರುತ್ತದೆ, ಚಿತ್ರ ಮಾತ್ರ ತೇಲಿ ಬಂದು ದಡ ಮುಟ್ಟಿದ ದೋಣಿಯಂತೆ ನಿಂತುಬಿಡುತ್ತದೆ. ಹೊಳೆಯಾಚೆಯ ಅತ್ತಿಮರದಲ್ಲಿ ಕೂತ ಮಂಗಟ್ಟೆಗೆ ಕಣ್ಣಿನ ರೆಪ್ಪೆಗೂದಲಿದೆ ಎಂದು ನನಗೆ ತಿಳಿದದ್ದು ಅಂದು. ಇಪ್ಪತ್ತೈದು ವರ್ಷದಿಂದ ತಲೆಯ ಮೇಲೆ ಹಾರಾಡುತ್ತಿದ್ದ ಹಕ್ಕಿ. ಬೀಡಿ ಬಿಟ್ಟು ಆರು ತಿಂಗಳಾಯಿತು ಎಂದು ಆಣೆ ಮಾಡಿದ್ದ ಅಪ್ಪ ಸ್ಟೋರಿನ ಹಿಂದೆ ಹೊಗೆ ಬಿಡುತ್ತಿದ್ದದ್ದೂ ಅಂದೇ ತಿಳಿಯಿತು. ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಸಿಮೆಂಟು ಕಾದರೆ ಮಾತ್ರ ಅದರಿಂದೇಳುವ ಝಳಕ್ಕೆ ಎಂಥ ಲೆನ್ಸೂ ಕುಡಿದವನ ಕಣ್ಣಾಗುತ್ತದೆ. ಅಪ್ಪನ ಅದೃಷ್ಟಕ್ಕೆ ಬೀಡಿಯ ಚಿತ್ರ ಬಂದದ್ದು ಬೆಳಗಿನ ತಂಪಿನಲ್ಲಿ.

ಆ ವಾರ ಮೇಷ್ಟ್ರು ಎದುರು ಗುಡ್ಡಕ್ಕೆ ಬಂದಿದ್ದರು. ಮೇಷ್ಟ್ರು ಎಂದರೆ ದಂತವಿಲ್ಲದ ಒಂಟಿ ಗಂಡಾನೆ. ಯಾರ ತಂಟೆಗೂ ಹೋಗದೆ, ತಲೆ ತಗ್ಗಿಸಿಕೊಂಡು, ಗಂಟೆ ಹೊಡೆದ ಹಾಗೆ ಬಂದು ಗಂಟೆ ಹೊಡೆದ ಹಾಗೆ ಹೋಗುವುದರಿಂದ ಆ ಹೆಸರು. ಬಹುವಚನದಲ್ಲೇ ಮಾತಾಡುತ್ತೇವೆ. ಮೇಷ್ಟ್ರು ಬಂದರು, ಮೇಷ್ಟ್ರು ಬಾಳೆ ತಿಂದರು. ಆನೆ ಎಲ್ಲಿದೆಯೆಂದು ಬೆಳಿಗ್ಗೆ ಎಲ್ಲರ ಮೊಬೈಲಿಗೂ ಸಂದೇಶ ಬರುತ್ತದೆ. ಪುಷ್ಪಕ್ಕನ ಕಾಯಿದೆ ಸರಳ. ಆನೆ ಎದುರು ಗುಡ್ಡದಲ್ಲಿ ಕಂಡರೆ ಕೆಳಗಿನ ಸಾಲು ಬಿಟ್ಟು ಮೇಲಿನ ಸಾಲಿಗೆ ಹತ್ತಬೇಕು. ನಡುವಿನ ಗದ್ದೆಗೆ ಇಳಿದರೆ ಬುಟ್ಟಿ ಅಲ್ಲೇ ಬಿಟ್ಟು ಮನೆಗೆ.

ಅಂದು ಬೆಳಿಗ್ಗೆ ನಾನು ಕಣದ ಕಟ್ಟೆಯ ಮೇಲೆ ಕಾಫಿ ದಿಂಬಿಟ್ಟು, ಅದರ ಮೇಲೆ ಲೆನ್ಸಿಟ್ಟು ಕೂತಿದ್ದೆ. ನನಗೆ ಮುನ್ನೂರು ಮೀಟರು ಕೆಳಗೆ ಪುಷ್ಪಕ್ಕ. ಅವಳಿಂದಾಚೆಗೆ ಮತ್ತೆ ಅಷ್ಟೇ ದೂರ, ಗದ್ದೆ, ಹಳ್ಳ, ಅದರಾಚೆಯ ಏರಿನಲ್ಲಿ ಒಂದು ಬಗನಿ ಮರ. ಮರದ ಪಕ್ಕದಲ್ಲಿ ಮೇಷ್ಟ್ರು ಬಂದು ನಿಂತರು. ಪುಷ್ಪಕ್ಕ ನನಗಿಂತ ಮೊದಲೇ ಕಂಡಿದ್ದಳು. ಹಣೆಗೆ ಕೈಯಿಟ್ಟು ಅತ್ತಲೇ ನೋಡುತ್ತಿದ್ದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆರು ಚಿತ್ರ ತೆಗೆದೆ. ಆಮೇಲೆ ಅವಳು ನನ್ನ ಕಡೆಗೆ ತಿರುಗಿ, ಬಾಯಿ ತೆರೆದು ಏನೋ ಕೂಗಿದಳು. ಅದೊಂದನ್ನು ತೆಗೆದೆ.

ಪರದೆಯ ಮೇಲೆ ನೋಡಿ ನನಗೇ ನಗು ಬಂತು. ನಡುವಿನ ಗದ್ದೆಯೂ ಹಳ್ಳವೂ ಮಾಯ. ಉದ್ದದ ಲೆನ್ಸಿನ ಗುಣವೇ ಅದು: ಹಿಂದೆ ಮುಂದೆ ಇರುವುದನ್ನೆಲ್ಲ ಮಡಚಿ ಒಂದರ ಮೇಲೊಂದು ಇಡುತ್ತದೆ. ಪುಷ್ಪಕ್ಕ ಬಾಯ್ತುಂಬ ನಗುತ್ತಿರುವ ಹಾಗಿದ್ದಾಳೆ, ಅವಳ ಭುಜದ ಹತ್ತಿರ, ಪಕ್ಕದ ಗಿಡದ ಹಿಂದೆಯೇ, ಆನೆ. ಬೆನ್ನು ಕಂಡ ಆರು ಚಿತ್ರಗಳನ್ನು ಯಾರು ನೋಡುತ್ತಾರೆಂದು ಅಲ್ಲೇ ಅಳಿಸಿದೆ. ಕಾರ್ಡಿನಲ್ಲಿ ಮಂಗಟ್ಟೆಯ ಚಿತ್ರಗಳಿಗೆ ಜಾಗ ಬೇಕಿತ್ತು. ಉಳಿದ ಒಂದನ್ನು 'ಪುಷ್ಪಕ್ಕನ ಗ್ಯಾಂಗಿಗೆ ಹೊಸ ಆಳು' ಎಂದು ಬರೆದು ಸ್ಟೇಟಸ್ಸಿಗೆ ಹಾಕಿ, ಊರಿನ ಗುಂಪಿಗೂ ಹಾಕಿ, ಇನ್ನೇನು ಪ್ರಶಂಸೆಯ ಮಳೆ ಸುರಿಯುತ್ತದೆಂದು ಕಾದು ಕೂತೆ.

ಬೇರೆ ಊರಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ನಮ್ಮವರು ಆನೆ ಬಲ್ಲವರು, ಅದೇ ತೊಂದರೆಯಾಯಿತು. ಗಿಡಗಳೊಳಗೆ ತಲೆ ಮರೆಯಾಗಿ ಕೊಯ್ಯುತ್ತಿದ್ದವರು ಯಾರೂ ಆನೆ ನಿಂತ ಜಾಗವನ್ನು ಕಣ್ಣಾರೆ ಕಂಡಿರಲಿಲ್ಲ. ಚಿತ್ರದಲ್ಲಿ ಆನೆ ಪುಷ್ಪಕ್ಕನ ಭುಜದಷ್ಟೇ ಎತ್ತರ. ದಂತ ಇಲ್ಲ. ಭುಜದೆತ್ತರದ, ದಂತವಿಲ್ಲದ ಆನೆ ಎಂದರೆ ಏನು? ಮರಿ. ಮರಿ ಒಂಟಿಯಾಗಿ ಬರುತ್ತದೆಯೆ? ತಾಯಿ ಇದೆ, ಚಿಕ್ಕಮ್ಮಂದಿರಿದ್ದಾರೆ, ಇಡೀ ಹಿಂಡು ಕಾಫಿ ಗಿಡಗಳ ನಡುವೆಯೇ ಇದೆ. ಮರಿ ಇರುವ ಹಿಂಡಿಗಿಂತ ಕೆಟ್ಟದ್ದು ಇನ್ನೊಂದಿಲ್ಲ. ಅಂಥ ಹಿಂಡು ಬೆನ್ನಿಗೆ ಬಂದು ನಿಂತರೂ ಮೇಸ್ತ್ರಿ ಹಲ್ಲು ಕಿರಿಯುತ್ತಿದ್ದಾಳೆ! ಕತ್ತಲಾಗುವ ಮೊದಲೇ ಈ ವಾದ ಆಳುಗಳು ವಾಸಿಸುವ ಲೈನಿನ ಮನೆಮನೆಗೂ ಮುಟ್ಟಿತು.

ಮಾರನೇ ದಿನ ಅಪ್ಪ ಹಾಜರಿ ಕರೆದಾಗ ಇದ್ದವರು ಇಬ್ಬರು. ಒಬ್ಬಳು ಪುಷ್ಪಕ್ಕ. ಇನ್ನೊಬ್ಬಳ ಬಳಿ ಮೊಬೈಲ್ ಇರಲಿಲ್ಲ.

ನಾನು ಲೈನಿಗೆ ಓಡಿದೆ. ಅದು ಮರಿಯಲ್ಲ, ಮೇಷ್ಟ್ರು, ಲೆನ್ಸಿನ ಆಟ ಎಂದು ಬಾಗಿಲು ಬಾಗಿಲಿಗೂ ಹೇಳಿದೆ. ಮೂವತ್ತು ಕೊಯ್ಲು ಕಂಡ ಜಯಮ್ಮಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಿನ್ ಬಾಯಿ ನಂಬಾಣ ಅಂದ್ರೆ ಅದು ಯಾರ್ ಬಾಯೋ ಗೊತ್ತಾಗಕಿಲ್ಲ ಕಣಪ್ಪ. ಫೋಟೋ ಐತಲ್ಲ, ಅದನ್ನೇ ನಂಬ್ತೀವಿ" ಅಂದಳು. ನನಗೆ ಅಷ್ಟು ದಿನದಲ್ಲಿ ಯಾರೂ ಅಷ್ಟು ನಿಜವಾದ ವಿಮರ್ಶೆ ಬರೆದುಕೊಟ್ಟಿರಲಿಲ್ಲ.

ಗಿಡದಲ್ಲಿ ಹಣ್ಣು ಕೆಂಪಾಗಿ ಕಪ್ಪಿಗೆ ತಿರುಗುತ್ತಿತ್ತು. ಸಾಹುಕಾರರು ಕೆಮ್ಮಿದರು. ಊಟದ ಹೊತ್ತಿಗೆ ಅಪ್ಪ ಅನ್ನ ಕಲಸುತ್ತ, ಆಲೂರು ಕಡೆಯಿಂದ ಬೇರೆ ಮೇಸ್ತ್ರಿಯನ್ನು ಕರೆಸಲು ಹೇಳಿದ್ದಾರೆ, ಇನ್ನೆರಡು ದಿನ ನೋಡುತ್ತಾರಂತೆ ಎಂದರು. ಅಪ್ಪ ನನ್ನನ್ನು ಬೈಯಲಿಲ್ಲ. ಆಗ ನಿಜವಾಗಿ ಹೆದರಿಕೆಯಾಯಿತು.

ಅದೇ ಮಧ್ಯಾಹ್ನ ಪುಷ್ಪಕ್ಕ ನಮ್ಮ ಮನೆಗೆ ಬಂದಳು. ಕೂತುಕೋ ಎಂದರೆ ಕೂರಲಿಲ್ಲ. ಮೇಜಿನ ಮೇಲಿದ್ದ ಲೆನ್ಸನ್ನು, ಬುಟ್ಟಿಯ ತಳದಲ್ಲಿ ಸಿಕ್ಕ ಹಸಿರು ಕಾಯಿಯನ್ನು ನೋಡುವ ಹಾಗೆ ನೋಡಿದಳು.

"ನಾನು ಬಾಯಿ ತೆಗ್ದಿದ್ದು ನಗಾಕಲ್ಲ, ಮೇಲ್ ಹತ್ರಿ ಅಂತ ಕೂಗಾಕೆ," ಎಂದಳು. "ಅದಕ್ ಮುಂಚೆ ನಿಂತ್ಕಂಡು ಅದನ್ನೇ ನೋಡ್ತಿದ್ನಲ್ಲ, ಅದನ್ನ ತೆಗ್ದಿಲ್ವ?"

ತೆಗೆದಿದ್ದೆ ಎಂದೆ.

"ತೋರ್ಸು ಮತ್ತೆ."

ಅಳಿಸಿದೆ ಎಂದು ಹೇಳಬೇಕಾಯಿತು. ಯಾಕೆ ಎಂದಳು. ಬೆನ್ನು ಬಂದಿತ್ತು, ಚೆನ್ನಾಗಿರಲಿಲ್ಲ ಎಂದೆ. ಆ ಮಾತು ನನ್ನ ಸ್ವಂತ ದನಿಯಲ್ಲಿ ಹೊರಟಿತು. ಅದು ಎಷ್ಟು ತೆಳ್ಳಗಿದೆ ಎಂದು ನನಗೆ ಅಂದೇ ಕೇಳಿಸಿದ್ದು. ಪುಷ್ಪಕ್ಕ, ಆನೆ ನಿಂತ ಜಾಗ ನಿನಗೆ ಗೊತ್ತೇ ಎಂದು ಕೇಳಿದಳು. ಬಗನಿ ಮರದ ಬುಡ ಎಂದೆ.

"ಅಲ್ಲಿ ಒಸರು ನೆಲ. ಹೆಜ್ಜೆ ಇನ್ನೂ ಇರ್ತೈತೆ. ಆನೆ ಮುಂಗಾಲಿನ ಹೆಜ್ಜೆ ಸುತ್ತ ಎರಡು ಸುತ್ತು ಹಗ್ಗ ಸುತ್ತಿದ್ರೆ ಅದೇ ಆನೆ ಎತ್ರ. ದುಂಡಗಿರೋದು ಮುಂಗಾಲು, ಉದ್ದುಕ್ಕಿರೋದು ಹಿಂಗಾಲು. ಹೋಗಿ ಅಳ್ಕಂಡ್ ಬಾ. ನೀನೇ ಹೋಗ್ಬೇಕು."

ಹಾಗೆಯೇ ನಿರ್ಧಾರವಾಯಿತು; ಆನೆ ನಿಂತಲ್ಲಿ ನಾನು ನಿಂತು ಅದೇ ಫೋಟೋವನ್ನು ಮತ್ತೆ ತೆಗೆಸುವುದೆಂದೂ ಸೇರಿಸಿದೆ. ಕೆಲಸಕ್ಕೆ ಬರುವುದು ಬೇಡ, ಕಣದಲ್ಲಿ ನಿಂತು ನೋಡಿದರೆ ಸಾಕು ಎಂದು ಪುಷ್ಪಕ್ಕ ಲೈನಿನಲ್ಲಿ ಹೇಳಿ ಬಂದಳು. ಪುಕ್ಕಟೆ ನಾಟಕವೆಂದರೆ ನಮ್ಮವರು ತಪ್ಪಿಸುವುದಿಲ್ಲ. ಮಾರನೇ ಬೆಳಿಗ್ಗೆ ಅಷ್ಟೂ ಜನ ಸೆರಗು ಹೊದ್ದು ಕಣದ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಮೇಷ್ಟ್ರು ರಾತ್ರಿಯೇ ಆಲೂರಿನ ಕಡೆ ದಾಟಿದ್ದಾರೆಂದು ಸಂದೇಶ ಬಂದಿತ್ತು. ಪುಷ್ಪಕ್ಕ ಇಳಿದು ಹೋಗಿ ಅದೇ ಗಿಡದ ಪಕ್ಕ ನಿಂತಳು. ಲೆನ್ಸಿನ ಹಿಂದೆ ಅಪ್ಪ. ಗುಂಡಿ ಯಾವುದೆಂದು ಮೂರು ಸಲ ತೋರಿಸಿಕೊಟ್ಟೆ. ನಾಲ್ಕನೇ ಸಲ ಕೇಳುವಾಗ ಬೀಡಿಯ ಚಿತ್ರ ನೆನಪಿಸಿದೆ, ಥಟ್ಟನೆ ಕಲಿತರು.

ನಾನು ಗೋಣಿ ಹೊಲಿಯುವ ದಾರದ ಉಂಡೆ ಜೇಬಿಗಿಟ್ಟುಕೊಂಡು ನಡೆದೆ. ಪುಷ್ಪಕ್ಕನನ್ನು ದಾಟಿದೆ. ಗದ್ದೆಯ ಬದುವಿನಲ್ಲಿ ಒಂದು ಸಲ ಜಾರಿದೆ, ಹಳ್ಳದಲ್ಲಿ ಒಂದು ಚಪ್ಪಲಿ ಕಳೆದುಕೊಂಡು ಮತ್ತೆ ಹುಡುಕಿದೆ, ಆಚೆಯ ಏರಿನಲ್ಲಿ ಲಂಟಾನದ ಮುಳ್ಳಿಗೆ ಅಂಗಿ ಕೊಟ್ಟೆ. ಮೇಷ್ಟ್ರು ಇಲ್ಲವೆಂದು ಗೊತ್ತಿದ್ದರೂ ಪೊದೆಯೊಳಗೆ ಏನೋ ಸರಕ್ಕೆಂದಾಗ ಕಾಲು ಅಲ್ಲೇ ನಿಂತುಬಿಟ್ಟಿತು. ಒಂದು ಕಾಡುಕೋಳಿ ನನ್ನನ್ನು ತಿರಸ್ಕಾರದಿಂದ ನೋಡಿ ಹೋಯಿತು. ಬಗನಿ ಮರ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು.

ನಾನು ಲೆಕ್ಕ ಹಾಕದೇ ಇದ್ದದ್ದು ಆ ಇಪ್ಪತ್ತು ನಿಮಿಷ. ನನ್ನ ನಂಬಿಕೆಯೆಲ್ಲ ಅಪ್ಪ ತೆಗೆಯುವ ಫೋಟೋದ ಮೇಲಿತ್ತು. ಆದರೆ ಕಟ್ಟೆಯ ಮೇಲೆ ಕೂತವರು ಬರಿಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದರು. ಪುಷ್ಪಕ್ಕನನ್ನು ದಾಟಿದ ಮೇಲೂ ನಾನು ನಡೆದೆ, ನಡೆದೆ, ಸಣ್ಣವನಾದೆ, ಗದ್ದೆಯಲ್ಲಿ ಕಾಗೆಯಷ್ಟಾದೆ, ಹಳ್ಳದಲ್ಲಿ ಮುಳುಗಿದೆ, ಮತ್ತೆ ಎದ್ದೆ. ಇಷ್ಟು ದೂರ ಐತಾ ಎಂದು ಮೊದಲು ಕೇಳಿದವಳು ಜಯಮ್ಮಜ್ಜಿಯೇ ಅಂತೆ. ಆಮೇಲೆ ಅಪ್ಪ ಹೇಳಿದರು.

ಹೆಜ್ಜೆಗಳಿದ್ದವು. ದುಂಡಗಿನ ಒಂದು ಹೆಜ್ಜೆಯೊಳಗೆ ನನ್ನ ಎರಡೂ ಪಾದ ಜೋಡಿಸಿ ನಿಂತೆ, ಇನ್ನೂ ಅಂಚು ಉಳಿಯಿತು. ಕೂತು ಅದರ ಸುತ್ತ ಎರಡು ಸುತ್ತು ದಾರ ಬಿಟ್ಟು, ಹಲ್ಲಿನಲ್ಲಿ ಕತ್ತರಿಸಿದೆ. ಫೋನಿನಲ್ಲಿ ಅಪ್ಪ ಹಾಜರಿ ರಾಗದಲ್ಲೇ, ಎಡಕ್ಕೆ, ಇನ್ನೂ ಎಡಕ್ಕೆ, ಮರಕ್ಕೆ ಒರಗು, ಲೋ ಕತ್ತೆ ನಿನ್ನೆಡ ಅಲ್ಲ ನನ್ನೆಡ ಎಂದು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕಣಿವೆಯಾಚೆಯಿಂದ ಇಪ್ಪತ್ತೊಂದು ಹೆಂಗಸರು ಒಟ್ಟಿಗೆ ನಕ್ಕ ಸದ್ದು ತೇಲಿ ಬಂತು.

ವಾಪಸು ಹೋಗಿ ಪರದೆ ನೋಡಿದಾಗ ಕಾರಣ ತಿಳಿಯಿತು. ಬಗನಿ ಮರ ಅದೇ, ಗಿಡ ಅದೇ. ಪುಷ್ಪಕ್ಕನ ಪಕ್ಕದಲ್ಲಿ, ಅವಳ ಸೊಂಟದೆತ್ತರಕ್ಕೆ, ಮೀಸೆ ಬಂದ ಒಂದು ಮೂರು ವರ್ಷದ ಮಗು ಕೆಸರು ಮೆತ್ತಿಕೊಂಡು ನಿಂತಿತ್ತು. ಐದಡಿ ಏಳಂಗುಲದ ನಾನು.

ದಾರವನ್ನು ಪುಷ್ಪಕ್ಕನಿಗೆ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡು ಜಯಮ್ಮಜ್ಜಿಯ ಕಡೆ ಗಲ್ಲ ತೋರಿಸಿದಳು. ಅಜ್ಜಿ ದಾರವನ್ನು ಎಳೆದು ನೋಡಿದಳು, ನಡುವೆ ಗಂಟಿದೆಯೋ ಎಂದು ಬೆರಳಾಡಿಸಿದಳು, ಕೆಸರು ಮೂಸಿದಳು. ಒಂದು ತುದಿಯನ್ನು ಸ್ಟೋರಿನ ಗೋಡೆಯ ಬುಡಕ್ಕೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಇನ್ನೊಂದನ್ನು ಅಪ್ಪನಿಗೆ ಕೊಟ್ಟಳು. ಅಪ್ಪ ಕೈಯೆತ್ತಿದರು. ದಾರ ಮುಗಿಯಲಿಲ್ಲ. ಸ್ಟೂಲು ತಂದು ಹತ್ತಿದರು. ದಾರ ಬಾಗಿಲ ಚೌಕಟ್ಟು ದಾಟಿ, ಮೇಲಿನ ಗಾಳಿಕಿಂಡಿ ದಾಟಿ, ಒಂದೂವರೆ ಗೇಣು ಮೇಲೆ ಹೋಗಿ ನಿಂತಿತು.

ಜಯಮ್ಮಜ್ಜಿ ಕತ್ತೆತ್ತಿ ನೋಡಿಯೇ ನೋಡಿದಳು. "ಮರಿಯಲ್ಲ ಕಣ್ರೇ," ಎಂದಳು. "ಮೇಷ್ಟ್ರೇ." ಆಮೇಲೆ ಪುಷ್ಪಕ್ಕನ ಕಡೆ ತಿರುಗಿ, "ನಾನು ಫೋಟೋ ನೋಡಿ ನಿನ್ನ ಬುಟ್ಬುಟ್ಟೆ ಕಣವ್ವ. ಯಾವ್ ಸಾಲು ಇವತ್ತು?" ಎಂದು ಕೇಳಿದಳು.

ಕೆಳಗಿನ ಸಾಲು ಎಂದಳು ಪುಷ್ಪಕ್ಕ. ಗದ್ದೆಗೆ ಎಲ್ಲಕ್ಕಿಂತ ಹತ್ತಿರದ್ದು. ಅಜ್ಜಿ ಬುಟ್ಟಿ ಹುಡುಕಲು ಹೊರಟಳು. ಕೆಲಸವಿಲ್ಲ, ನೋಡಿದರೆ ಸಾಕು ಎಂದು ಬಂದವರು ಒಬ್ಬೊಬ್ಬರಾಗಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳ ಹಿಂದೆ ಇಳಿದರು. ಆಲೂರಿಗೆ ಹೇಳಿ ಕಳಿಸುವುದು ಬೇಡ ಎಂದು ತಿಳಿಸಲು ಅಪ್ಪ ಸ್ಟೂಲಿನ ಮೇಲಿಂದಲೇ ಸಾಹುಕಾರರಿಗೆ ಫೋನು ಹಚ್ಚಿದರು.

ಮಧ್ಯಾಹ್ನದ ಊಟಕ್ಕೆ ಮೊದಲು ಅವರೆಲ್ಲ ಇಳಿಜಾರಿನ ಉದ್ದಕ್ಕೂ ಹರಡಿಕೊಂಡಿದ್ದರು. ಲೆನ್ಸು ಬಂದಾಗಿನಿಂದ ನಾನು ಅದರ ಉಂಗುರವನ್ನು ಆರುನೂರರಿಂದ ಈಚೆಗೆ ತಂದೇ ಇರಲಿಲ್ಲ. ಹೊಸ ಬೈಕಿನವನು ಮೊದಲ ವಾರ ಬ್ರೇಕು ಮುಟ್ಟದ ಹಾಗೆ. ಅಂದು ನಿಧಾನವಾಗಿ ಹಿಂದಕ್ಕೆ ತಿರುಗಿಸಿದೆ. ನಾನೂರು, ಮುನ್ನೂರು, ನೂರೈವತ್ತು. ಗಿಡಗಳ ಸಾಲು ಅಗಲವಾಯಿತು, ಗದ್ದೆ ಬಂತು, ಹಳ್ಳ ಬಂತು. ನಡುವೆ ಒಂದು ಬಂಡೆಯ ಮೇಲೆ ಎದುರು ಗುಡ್ಡದ ಕಡೆ ಮುಖ ಮಾಡಿ ಪುಷ್ಪಕ್ಕ ನಿಂತಿದ್ದಳು. ಒತ್ತಿದೆ.

ಊಟಕ್ಕೆ ಬಂದಾಗ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, ಊರಿನ ಗುಂಪಿಗೆ ಹಾಕಲೇ ಎಂದು ಕೇಳಿದೆ. ಅವಳು ಸೆರಗಿನಿಂದ ಬೆರಳು ಒರೆಸಿಕೊಂಡು, ಕಾಫಿ ರಸಕ್ಕೆ ಕಪ್ಪಾದ ಉಗುರನ್ನು ಪರದೆಗೆ ತಾಗಿಸದೆ ಎಣಿಸತೊಡಗಿದಳು. ಹದಿನೆಂಟಕ್ಕೆ ನಿಂತಳು. ಚಿತ್ರವನ್ನು ದೊಡ್ಡದು ಮಾಡಿಕೊಟ್ಟೆ. ಗಿಡದ ಮೇಲೆ ಎದ್ದ ಒಂದು ಕೈ, ಹತ್ತೊಂಬತ್ತು. ಎರಡು ಬುಟ್ಟಿ, ಇಪ್ಪತ್ತೊಂದು. ಕೆಳಗಿನ ಮೂಲೆಯ ಎಲೆಗಳ ನಡುವೆ ತಲೆಗೆ ಕಟ್ಟಿದ ಟವೆಲ್ಲಿನ ತುದಿ ಮಾತ್ರ ಕಾಣುತ್ತಿತ್ತು. ನನಗೆ ಅದು ಯಾರೆಂದು ತಿಳಿಯಲಿಲ್ಲ.

"ಅದು ಜಯಮ್ಮ," ಎಂದಳು ಪುಷ್ಪಕ್ಕ. "ಇಪ್ಪತ್ತೆರಡು. ಹಾಕು."